ಐನೂರು ಹಸಿರು ಗುರುತು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಆ ಮಠಕ್ಕೆ ಒಬ್ಬ ಸ್ವಾಮಿಗಳು. ಸುತ್ತಲಿನ ಊರಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ.

ಅಜ್ಜಾರ ಶಿಷ್ಯರಲ್ಲಿ ಅಡಿವೆಪ್ಪ ಎಂಬುವನೊಬ್ಬ. ವಯಸ್ಸು ನಲವತ್ತು. ಮಠದ ಕಂಪ್ಯೂಟರು, ಪ್ರಿಂಟರು ಎರಡೂ ಅವನ ಸುಪರ್ದಿನಲ್ಲಿದ್ದವು.

ಒಂದು ಮುಂಜಾನೆ ಅವನು ಕುಣಿಯುತ್ತ ಬಂದ.

“ಅಜ್ಜಾರ, ಇನ್ನ ಹದಿಮೂರ ಉಳದಾವ್ರಿ!”

“ಏನು, ಹಲ್ಲೇನು?”

“ಹಸಿರು ಗುರುತ್ರಿ!”

ಸಂಗತಿ ಇಷ್ಟು. ಪ್ರಿಂಟರ್ ಮಾಡುವ ಕಂಪನಿಯೊಂದು ಸಹಾಯಕ್ಕೆಂದು ಒಂದು ಜಾಲತಾಣ ತೆರೆದಿತ್ತು. ಯಾರದಾದರೂ ಪ್ರಿಂಟರ್ ಮುನಿಸಿಕೊಂಡರೆ ಅವರು ಅಲ್ಲಿ ಬಂದು ಕೇಳುತ್ತಿದ್ದರು. ಉತ್ತರ ಹೇಳುವವರು ಕಂಪನಿಯವರಲ್ಲ, ಅಡಿವೆಪ್ಪನಂಥವರು. ಸಂಬಳವಿಲ್ಲ, ಸಾರಿಗೆಯಿಲ್ಲ. ಹೇಳಿದ್ದರಿಂದ ಪ್ರಿಂಟರ್ ಸರಿಹೋದರೆ, ಕೇಳಿದವರು ಆ ಉತ್ತರದ ಪಕ್ಕ ಒಂದು ಹಸಿರು ಗುರುತು ಒತ್ತುತ್ತಿದ್ದರು.

ಕನ್ನಡದಲ್ಲಿ ಉತ್ತರಿಸುವವರ ಪೈಕಿ ಮೊದಲು ಐನೂರು ಗುರುತು ಮುಟ್ಟಿದವರಿಗೆ ಆ ವರ್ಷದ ‘ಮಹಾತಜ್ಞ’ ಎಂಬ ಬಿರುದು.

“ಬೆಂಗಳೂರಾಗ ದೊಡ್ಡ ಸಭಾ ಮಾಡ್ತಾರ್ರಿ ಅಜ್ಜಾರ. ಮೈಕಿನ್ಯಾಗ ಹೆಸರ ಕರದು, ಸ್ಟೇಜಿನ ಮ್ಯಾಲ ನಿಂದರಸ್ತಾರ್ರಿ.”

ಮೂರು ಸಲ ಹತ್ತನೆಯ ತರಗತಿ ಫೇಲಾದವನು ಅವನು. ಈತನಕ ಅವನನ್ನು ಯಾರೂ ಯಾವುದಕ್ಕೂ ಮುಂದೆ ಕರೆದಿರಲಿಲ್ಲ. ಆ ಬಿರುದು ಅವನಿಗೆ ಬೇಕೇ ಬೇಕಿತ್ತು.

“ಭೇಷ್! ಇಷ್ಟು ಮಂದಿ ಏನೇನ್ ಕೇಳ್ತಾರೋ?” ಅಂದರು ಅಜ್ಜಾರು.

“ಮುನ್ನೂರು ಮಂದೀದಂತೂ ಒಂದ ಪ್ರಶ್ನಿರಿ. ಪ್ರಿಂಟ್ ತಗದ್ರ ಕನ್ನಡ ಅಕ್ಷರ ಹೋಗಿ ಚೌಕ ಚೌಕ ಬೀಳ್ತಾವ, ಏನ್ ಮಾಡೂದು ಅಂತ.”

“ಮುನ್ನೂರು ಸಲ ಹೇಳಿದಿ?”

“ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೇನ್ರಿ.”

“ಎಲ್ಲಾರಿಗೂ ಕಾಣೂಹಂಗ ಒಮ್ಮಿಗೇ ಬರದ ಇಡಬಾರದೇನು?”

“ಬರದೇನ್ರಿ! ಚಿತ್ರ ಹಾಕಿ, ಬಿಡಿಸಿ ಬಿಡಿಸಿ ಹನ್ನೊಂದು ಪುಟ. ಅದನ್ನ ಓದಿದ್ರ ಯಾರ ಬೇಕಾದ್ರೂ ತಾವ ಸರಿ ಮಾಡ್ಕೊಂತಾರ.”

“ಎಲ್ಲೈತಿ ಅದು?”

ಅಡಿವೆಪ್ಪ ತಲೆ ಕೆರೆದುಕೊಂಡ.

“ನನ್ನ ಕಡೆನ ಐತ್ರಿ. ಅದನ್ನ ಹಾಕಿದ್ರ ಮತ್ತ ನನ್ನ ಯಾರು ಕೇಳ್ತಾರ್ರಿ? ಕೇಳಲಿಲ್ಲಂದ್ರ ಗುರುತು ಯಾರು ಒತ್ತತಾರ್ರಿ? ಐನೂರು ಆಗಲಿ ಅಜ್ಜಾರ, ಮರುದಿನಾನ ಹಾಕ್ತೀನಿ.”

ಅಜ್ಜಾರು ನಕ್ಕರು.

ಮಠದ ಅಂಗಳದಲ್ಲಿ ಹಳೆಯದೊಂದು ಕೈಪಂಪು ಇತ್ತು. ಅದರ ವಾಷರು ಸವೆದುಹೋಗಿತ್ತು. ಮೊದಲು ಮೇಲಿನಿಂದ ಒಂದು ತಂಬಿಗೆ ನೀರು ಹೊಯ್ದು, ಆಮೇಲೆ ಹೊಡೆದರೆ ಮಾತ್ರ ಕೆಳಗಿನ ನೀರು ಏರಿ ಬರುತ್ತಿತ್ತು. ಅದಕ್ಕೆಂದೇ ಪಕ್ಕದ ಕಟ್ಟೆಯ ಮೇಲೆ ಒಂದು ತುಂಬಿದ ತಂಬಿಗೆ ಸದಾ ಇರುತ್ತಿತ್ತು. ನೀರು ಕುಡಿದವರು ಅದನ್ನು ಮತ್ತೆ ತುಂಬಿಸಿಟ್ಟು ಹೋಗುವುದು ಅಲ್ಲಿನ ಪದ್ಧತಿ.

ಮರುದಿನ ಅಡಿವೆಪ್ಪ ಮೂರು ಊರಿಗೆ ಕರಪತ್ರ ಹಂಚಿ, ಸುಡುಬಿಸಿಲಿನಲ್ಲಿ ಸೈಕಲ್ ತುಳಿದು ಬಂದ. ಗಂಟಲು ಒಣಗಿತ್ತು. ಸೀದಾ ಪಂಪಿನ ಹತ್ತಿರ ಹೋದರೆ ಕಟ್ಟೆಯ ಮೇಲೆ ತಂಬಿಗೆ ಇಲ್ಲ.

ಹಾಗೇ ಹೊಡೆದು ನೋಡಿದ. ಪಂಪು ಗೊರಗೊರ ಅಂದಿತು, ಅಷ್ಟೇ.

ಪಕ್ಕದ ಬೇವಿನ ನೆರಳಿನಲ್ಲಿ ಅಜ್ಜಾರು ಕೂತಿದ್ದರು. ಮಡಿಲು ಮುಚ್ಚುವಂತೆ ಶಾಲು ಹೊದ್ದಿದ್ದರು. ಒಬ್ಬ ಮುದುಕಿ ಬಂದು ಕೈಮುಗಿದಳು. ಅಜ್ಜಾರು ಶಾಲಿನೊಳಗಿಂದ ತಂಬಿಗೆ ತೆಗೆದು ಪಂಪಿಗೆ ಹೊಯ್ದರು. ಅವಳು ನೀರು ಕುಡಿದು, ತಂಬಿಗೆ ತುಂಬಿಕೊಟ್ಟು, ಮತ್ತೊಮ್ಮೆ ಕೈಮುಗಿದು ಹೋದಳು. ತಂಬಿಗೆ ಶಾಲಿನೊಳಕ್ಕೆ ಹೋಯಿತು.

“ಅಜ್ಜಾರ, ಅದನ್ನ ಕಟ್ಟಿ ಮ್ಯಾಲ ಇಡ್ರಲ್ಲಾ!”

“ಇಟ್ರ ನನ್ನ ಯಾರ ಕೇಳ್ತಾರ? ಮುಂಜಾನಿಂದ ಅರವತ್ತೆರಡು ಮಂದಿ ಕೈ ಮುಗದಾರ. ನೂರು ಆಗಲಿ, ಇಡ್ತೀನಿ.”

“ನನಗ ಇಲ್ಲಿ ಜೀವಾ ಹೋಗಾಕತ್ತೈತ್ರಿ!”

“ಹಂಗಾದ್ರ ಕೈ ಮುಗಿ. ಅರವತ್ಮೂರು.”

ಅಡಿವೆಪ್ಪ ಕೈಮುಗಿದ. ಹೊಟ್ಟೆ ತುಂಬ ನೀರು ಕುಡಿದ. ಮೂತಿ ಒರೆಸಿಕೊಳ್ಳುವಾಗ ಅವನ ಕೈ ಅಲ್ಲೇ ನಿಂತಿತು. ಕಿವಿಯ ತುದಿಯವರೆಗೆ ನಾಚಿಕೆಯಾಯಿತು.

ನೆಟ್ಟಗೆ ಒಳಗೆ ಹೋಗಿ, ಹನ್ನೊಂದೂ ಪುಟಗಳನ್ನು ಜಾಲತಾಣಕ್ಕೆ ಏರಿಸಿಬಿಟ್ಟ.

ಒಂದು ವಾರದಲ್ಲಿ ಚೌಕದ ಪ್ರಶ್ನೆ ಮುಕ್ಕಾಲು ಪಾಲು ನಿಂತೇಹೋಯಿತು. ಓದಿದವರು ಸರಿ ಮಾಡಿಕೊಂಡು ತಮ್ಮ ಪಾಡಿಗೆ ತಾವು ಹೋದರು.

ಅಷ್ಟೇ ಆಗಿದ್ದರೆ ಅಡಿವೆಪ್ಪ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಏನನ್ನೂ ಓದದೆ ಬಂದು ಕೇಳುವ ಜನ ಎಲ್ಲ ಕಡೆಯೂ ಇರುತ್ತಾರಲ್ಲ. ಅಂಥವರು ಕೇಳಿದಾಗ ಗುರುತಿನ ಲೆಕ್ಕದಲ್ಲಿ ಅಡಿವೆಪ್ಪನ ಬೆನ್ನಿಗೇ ಇದ್ದ ಮೂಡುಬಿದಿರೆಯ ಫಿಲೋಮಿನಾ ಕ್ರಾಸ್ತಾ ಎಂಬಾಕೆ ಎಲ್ಲರಿಗಿಂತ ಮೊದಲು ಹಾಜರು. “ಅಡಿವೆಪ್ಪ ಸರ್ ಬರೆದದ್ದು ಇಲ್ಲಿದೆ, ಓದಿ” ಎಂದು ಆ ಹನ್ನೊಂದು ಪುಟದ ಕೊಂಡಿ ಹಾಕುತ್ತಿದ್ದಳು. ಪ್ರಿಂಟರ್ ಸರಿಹೋಗುತ್ತಿತ್ತು. ಹಸಿರು ಗುರುತು ಫಿಲೋಮಿನಾಳಿಗೆ ಬೀಳುತ್ತಿತ್ತು.

ತಿಂಗಳ ಕೊನೆಗೆ ಅವಳದು ಐನೂರು. ಇವನದು ನಾನೂರ ತೊಂಬತ್ತು.

ಅಡಿವೆಪ್ಪ ಅಜ್ಜಾರ ಮುಂದೆ ಬಂದು ಧೊಪ್ಪನೆ ಕೂತ.

“ಗೆದ್ದಲ ಹುತ್ತ ಕಟ್ಟಿದ್ರ, ಹಾವು ಬಂದು ಸೇರ್ಕೊಂತು ಅಜ್ಜಾರ!”

“ಹಾವು ಯಾರಿಗರೆ ಕಚ್ಚಿತೇನು?”

“ಕಚ್ಚಲಿಲ್ರಿ. ಎಲ್ಲಾರಿಗೂ ದಾರಿ ತೋರಿಸ್ತು.”

“ಭಾಳ ಚಲೋ ಹಾವು ಬಿಡು.”

“ನಗಬ್ಯಾಡ್ರಿ ಅಜ್ಜಾರ. ಬರದಾಂವ ನಾನು, ಬಿರುದು ಅಕೀಗೆ!”

“ಮಂದಿ ಹಾಳಿ ಮ್ಯಾಲ ಅಕ್ಷರ ಸರಿ ಬಿದ್ದುವೋ ಇಲ್ಲೋ?”

“ಬಿದ್ದುವ್ರಿ. ಆದ್ರ...”

“ಆ ‘ಆದ್ರ’ ಯಾವ ಪ್ರಿಂಟರಿನ್ಯಾಗ ಸಿಕ್ಕೊಂಡೈತಿ, ನೋಡು.”

ಅಡಿವೆಪ್ಪನಿಗೆ ಅಳು ಬಂದುಬಿಟ್ಟಿತು. ಎದ್ದು ನಿಂತ.

“ಇನ್ನ ಆ ಕಡೆ ಹೊಳ್ಳಿ ನೋಡಂಗಿಲ್ಲ!”

“ನೋಡಬ್ಯಾಡ. ನೋಡಂತ ನಿನಗ ಯಾರ ಅಂದಾರ?”

ಅವನಿಗೆ ಇನ್ನೂ ಸಿಟ್ಟು ಬಂತು.

ನಾಲ್ಕು ದಿನ ಅವನು ಮಾತಿಗೆ ತಪ್ಪಲಿಲ್ಲ. ದನದ ಕೊಟ್ಟಿಗೆಯ ಸಗಣಿ ಬಳಿದ. ದಾಸೋಹದ ಮನೆಯ ಹಂಡೆ ತಿಕ್ಕಿದ. ಪ್ರಿಂಟರನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದ. ಅದೇನು ತಪ್ಪು ಮಾಡಿತ್ತೋ ಪಾಪ.

ಐದನೆಯ ದಿನ ಮುಂಜಾನೆ, ಸುಮ್ಮನೆ ಏನಾಗಿದೆ ನೋಡೋಣ ಅಂತ ಒಂದು ಸಲ ಇಣುಕಿದ.

ಇಳಕಲ್ಲಿನ ಮಹಾನಂದಾ ಎಂಬಾಕೆ ಆಗಷ್ಟೇ ಬರೆದಿದ್ದಳು. “ಮದುವಿ ಕಾರ್ಡಿನ ಕೆಲಸ ಹಿಡದೀನ್ರಿ. ದಪ್ಪ ಹಾಳಿ ಮ್ಯಾಲ ಅಕ್ಷರ ಬೀಳ್ತಾವ, ಬೆರಳು ತಾಗಿದ್ರ ಪುಡಿಯಾಗಿ ಉದರ್ತಾವ. ನಾಳೆ ನಾನೂರು ಕಾರ್ಡು ಕೊಡಬೇಕು. ಹೊಸಾ ಅಂಗಡಿ, ಇದ ಮೊದಲನೆ ಗಿರಾಕಿ. ಯಾರರೆ ದಾರಿ ತೋರಸ್ರಿ.”

ಅದರ ಕೆಳಗೆ ಫಿಲೋಮಿನಾ ಬರೆದಿದ್ದಳು: “ನನಗೆ ಗೊತ್ತಾಗುತ್ತಿಲ್ಲ. ಅಡಿವೆಪ್ಪ ಸರ್, ಎಲ್ಲಿದ್ದೀರಿ ಮಾರಾಯ್ರೆ?”

ಅವನ ಹನ್ನೊಂದು ಪುಟಗಳಲ್ಲಿ ಇದರ ಮಾತೇ ಇರಲಿಲ್ಲ.

ಅಡಿವೆಪ್ಪ ಪ್ರಿಂಟರನ್ನು ತನ್ನ ಕಡೆ ತಿರುಗಿಸಿಕೊಂಡ. ಮಠದಲ್ಲಿ ಉಳಿದಿದ್ದ ಹಳೆಯ ಆಮಂತ್ರಣದ ದಪ್ಪ ಹಾಳೆ ಹುಡುಕಿ ತಂದ. ಮೊದಲನೆಯದರಲ್ಲಿ ಅಕ್ಷರ ಉದುರಿದವು. ಕಂಪ್ಯೂಟರಿನಲ್ಲಿ ‘ದಪ್ಪ ಕಾಗದ’ ಎಂದು ಆರಿಸಿ ಹಾಕಿದ್ದು ಒಳಗೇ ಸಿಕ್ಕಿಕೊಂಡಿತು. ಎಳೆದು ತೆಗೆದ. ಹಿಂದಿನ ಮುಚ್ಚಳ ತೆರೆದು, ಕಾರ್ಡು ಎಲ್ಲೂ ಬಾಗದೆ ನೆಟ್ಟಗೆ ಹೊರಬರುವಂತೆ, ಒಂದೊಂದೇ ಹಾಕಿ ನೋಡಿದ. ಬಂತು. ಬೆರಳಿನಿಂದ ಉಜ್ಜಿದ. ಉಗುರಿನಿಂದ ಕೆರೆದ. ಒಂದು ಅಕ್ಷರವೂ ಅಲುಗಲಿಲ್ಲ.

“ಬಂತವ್ವಾ ಬಂತು!” ಎಂದು ಒಬ್ಬನೇ ಕೂಗಿ, ಮಹಾನಂದಾಗೆ ಬರೆಯತೊಡಗಿದ.

ಮಧ್ಯಾಹ್ನದ ಪ್ರಸಾದದ ಗಂಟೆ ಹೊಡೆಯಿತು. ಅವನಿಗೆ ಕೇಳಿಸಲಿಲ್ಲ.

ಆ ಮಠದಲ್ಲಿ ಊಟದ ಪಂಕ್ತಿ ಯಾರಿಗೂ ಕಾಯುವುದಿಲ್ಲ. ಒಮ್ಮೆ ಮಂತ್ರಿಯೊಬ್ಬರು ಹತ್ತು ನಿಮಿಷ ತಡವಾಗಿ ಬಂದು, ಎರಡನೆಯ ಪಂಕ್ತಿಯವರೆಗೆ ಕಂಬಕ್ಕೊರಗಿ ಕೂತಿದ್ದರು.

ಅಜ್ಜಾರು ಬಂದು ಬಾಗಿಲಲ್ಲಿ ನಿಂತರು.

“ಅಡಿವೆಪ್ಪ, ಗಂಟಿ ಆತು.”

“ಹ್ಞೂಂ.”

“ಬಿರುದು ಹೋತಲ್ಲೋ. ಇದಕ್ಕೇನ್ ಕೊಡ್ತಾರ?”

“ಅಕಿ ನಾಳೆ ಕಾರ್ಡು ಕೊಡಬೇಕ್ರಿ.”

“ಅದಲ್ಲೋ, ನಿನ್ನ ಗುರುತು ಎಷ್ಟಾದುವು ಈಗ?”

“ತಡೀರಿ ಅಜ್ಜಾರ! ಹಿಂದಿನ ಮುಚ್ಚಳ ತಗೀಬೇಕಂತ ಬರಿಯಾಕತ್ತೀನಿ. ಅದನ್ನ ಬಿಟ್ರ ಎಲ್ಲಾ ಕೆಡತೈತಿ.”

ಅವನು ಕತ್ತು ಎತ್ತಲೂ ಇಲ್ಲ. ಅಜ್ಜಾರು ಪೀಠ ಏರಿ ಮೂವತ್ತು ವರ್ಷವಾಗಿತ್ತು. ತಡೀರಿ ಎಂದು ಅವರಿಗೆ ಹೇಳಿದವನು ಅವನೊಬ್ಬನೇ.

ಅಜ್ಜಾರು ಸದ್ದು ಮಾಡದೆ ಹಿಂದೆ ಸರಿದು ಅಂಗಳಕ್ಕೆ ಇಳಿದರು. ದಾಸೋಹದ ಮನೆಯ ಕಡೆ ತಿರುಗಿ, ಇಡೀ ಮಠಕ್ಕೆ ಕೇಳುವಂತೆ ಕೂಗಿದರು.

“ಏ, ಬಡಸೂದು ನಿಲ್ಲಸ್ರಿ! ಅಡಿವೆಪ್ಪನವರು ಕೆಲಸದಾಗ ಅದಾರ!”