ಆವಿ ಯಾರದು?

ಕಚೇರಿಯ ಅಂಗಳದಲ್ಲಿ ಸಾಕಮ್ಮನ ಚಹಾ ಅಂಗಡಿ. ಪಕ್ಕದಲ್ಲೇ ಬಿಸಿಲಿಗೆ ನಿಂತಿದ್ದ ಮ್ಯಾನೇಜರ್ ಶ್ರೀಕಂಠಯ್ಯನವರ ಸ್ಕೂಟರಿನ ಟ್ಯಾಂಕಿನ ಮುಚ್ಚಳ ಸಡಿಲ. ಹಾಗಾಗಿ ಪೆಟ್ರೋಲ್ ಕಾದು, ಕಣ್ಣಿಗೆ ಕಾಣದ ಆವಿಯಾಗಿ ಹೊರಗೆ ಬರುತ್ತಿತ್ತು.

“ನಿನ್ನ ಸೀಮೆಎಣ್ಣೆ ಒಲೆ ನಾತಕ್ಕೆ ತಲೆ ಸಿಡೀತಿದೆ. ಇವತ್ತೇ ಅಂಗಡಿ ಎತ್ತು!” ಎಂದು ಮ್ಯಾನೇಜರ್ ಗದರಿದರು.

ಒಲೆಯನ್ನು ಇನ್ನೂ ಹಚ್ಚಿಯೇ ಇರಲಿಲ್ಲ. ಸಾಕಮ್ಮ ಅದನ್ನು ಸ್ಕೂಟರಿನ ಬಳಿ ಇಟ್ಟು ಬೆಂಕಿಪೊಟ್ಟಣ ತೆಗೆದಳು. ಪೊಟ್ಟಣ ಖಾಲಿ ಎಂಬುದು ಅವಳಿಗೆ ಮಾತ್ರ ಗೊತ್ತು.

“ಹಚ್ಚಿ ತೋರಿಸ್ತೀನಿ ಸ್ವಾಮಿ, ನಾತ ಯಾವುದರದ್ದು ಅಂತ ನೀವೇ ಹೇಳಿ.”

“ಅಯ್ಯೋ ಬೇಡಮ್ಮಾ! ನನ್ನ ಗಾಡಿಯಿಂದ ಪೆಟ್ರೋಲ್ ಆವಿ ಬರ್ತಿದೆ!”

ಅಂಗಳಕ್ಕೆಲ್ಲ ಕೇಳಿಸಿತು. ಮ್ಯಾನೇಜರ್ ಸ್ಕೂಟರನ್ನು ನೆರಳಿಗೆ ತಳ್ಳಿದರು, ಸಂಜೆಯೇ ಹೊಸ ಮುಚ್ಚಳ ಹಾಕಿಸಿದರು.

ಮರುದಿನ ಸಾಕಮ್ಮ ಅದೇ ಜಾಗದಲ್ಲಿ ಅಂಗಡಿ ತೆರೆದು, ತಲೆಯೆತ್ತಿ ಅವರಿಗೆ ಹಬೆಯಾಡುವ ಚಹಾ ನೀಡಿದಳು. “ತಗೊಳ್ಳಿ ಸ್ವಾಮಿ. ಈ ಆವಿ ಮಾತ್ರ ನನ್ನದೇ!”