ಹುತ್ತದ ಮಣ್ಣಲ್ಲಿ ಚಿನ್ನದ ಚೂರು

ಭೂಮಿ ಆಗಿನ್ನೂ ಒಲೆಯ ಮೇಲಿನ ರೊಟ್ಟಿಹಂಚಿನ ಹಾಗೆ ಸುಡುತ್ತಿದ್ದ ಕಾಲ. ಹುಲ್ಲಿರಲಿಲ್ಲ, ಹಕ್ಕಿ ಇರಲಿಲ್ಲ. ಲೋಹಗಳೆಲ್ಲ ಭೂಮಿತಾಯಿಯ ಹೊಟ್ಟೆಯೊಳಗೆ ಒಂದೇ ಮನೆಯ ಮಕ್ಕಳಂತೆ ಕೂಡಿಕೊಂಡಿದ್ದವು.

ಮೈ ಆರತೊಡಗಿದಾಗ ಭೂಮಿತಾಯಿ, "ಏಳಿ, ನಿಮ್ಮ ನಿಮ್ಮ ಜಾಗ ಹಿಡೀರಿ" ಅಂದಳು. ಕಬ್ಬಿಣ ದಡದಡ ಓಡಿ ಇಡೀ ಗುಡ್ಡವನ್ನೇ ಹಿಡಿಯಿತು. ಆಸೆಬುರುಕ! ಚಿನ್ನ ಮಾತ್ರ ಬಲು ನಿಧಾನಿ. ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಉಳಿದದ್ದು ಕಪ್ಪು ಬಂಡೆಯ ಒಂದು ಸೀಳು, ಅಷ್ಟೇ.

ಕುದಿಯುವ ನೀರು ಚಿನ್ನವನ್ನು ಹೊತ್ತು ತಂದು ಆ ಸೀಳಿನಲ್ಲಿ ಇಳಿಸಿತು. "ಇಲ್ಲೇ ಇರು, ಬರ್ತೀನಿ" ಅಂತು. ಬರಲೇ ಇಲ್ಲ. ಸುತ್ತಲೂ ಬಿಳಿ ಬೆಣಚುಕಲ್ಲು ಗಟ್ಟಿಯಾಗಿ ಕೂತುಬಿಟ್ಟಿತು. ಅದನ್ನು ಮಾತಾಡಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ.

ಪಾಪ, ಚಿನ್ನ ಒಂಟಿಯಾಯಿತು. "ಯಾರಿದ್ದೀರಿ?" ಅಂತ ಕೂಗಿತು. ಯಾರೂ ಇರಲಿಲ್ಲ. ಸಾವಿರ ವರ್ಷ ಬಿಟ್ಟು ಮತ್ತೆ ಕೂಗಿತು. ಆಗಲೂ ಯಾರೂ ಇರಲಿಲ್ಲ. ತಾನು ಇಲ್ಲಿದ್ದೇನೆ ಅಂತ ಮೇಲೆ ಒಬ್ಬರಿಗಾದರೂ ಗೊತ್ತಾಗಲಿ ಅನ್ನುವುದೊಂದೇ ಅದರ ಆಸೆ.

ಕಾಲ ಕಳೆದು ಬಂಡೆಯ ನೆತ್ತಿ ಪುಡಿಪುಡಿಯಾಯಿತು. ಒಂದು ಬೇಸಿಗೆಯಲ್ಲಿ, ಗೂಡು ಕಟ್ಟಲು ಹಸಿಮಣ್ಣು ಹುಡುಕುತ್ತ ಗೆದ್ದಲೊಂದು ಆಳಕ್ಕೆ ಇಳಿದು ಬಂತು.

"ಅಕ್ಕಾ, ನಿಂತ್ಕೋ!" ಅಂತು ಚಿನ್ನ. "ನಾನಿಲ್ಲಿದ್ದೀನಿ ಅಂತ ಮೇಲೆ ಹೇಳ್ತೀಯಾ?"

"ಬಾಯ್ತುಂಬ ಮಣ್ಣಿಟ್ಟುಕೊಂಡು ಹೇಳೋದು ಹೇಗಪ್ಪಾ?" ಅಂತು ಗೆದ್ದಲು. "ಹೊರೋದೇನಾದ್ರೂ ಇದ್ರೆ ಕೊಡು, ಹೊರ್ತೀನಿ."

ಚಿನ್ನ ತನ್ನ ಮೈಯಿಂದಲೇ ಒಂದು ಚೂರು ಮುರಿದು ಕೊಟ್ಟಿತು. "ನಾಳೆ ಬರ್ತೀಯಲ್ಲ?"

ಮರುದಿನ ಬಂದದ್ದು ಬೇರೆ ಗೆದ್ದಲು. ಅದರ ಮರುದಿನ ಇನ್ನೊಂದು. ಬಂದ ಬಂದವರಿಗೆಲ್ಲ ಚಿನ್ನ ತನ್ನ ಕಥೆಯನ್ನು ಮೊದಲಿನಿಂದ ಹೇಳಿತು, ಒಂದೊಂದು ಚೂರು ಕೊಟ್ಟಿತು. ದಿನದಿನಕ್ಕೂ ಸವೆಯಿತು.

ಆದರೆ ಗೆದ್ದಲಿಗೆ ಕಣ್ಣು ಕಾಣಬೇಕಲ್ಲ! ಹೊಳಪು ಅಂದರೆ ಅದಕ್ಕೇನು ಗೊತ್ತು? "ಈ ಮರಳು ಬಲೇ ಭಾರ" ಅಂತ ಗೊಣಗಿಕೊಂಡು, ಎಂಜಲಲ್ಲಿ ಕಲಸಿ ಗೋಡೆಗೆ ಮೆತ್ತಿತು. ಹುತ್ತ ಆಳೆತ್ತರ ಬೆಳೆಯಿತು. ದನಗಳು ಬಂದು ಮೈ ಉಜ್ಜಿಕೊಂಡು ಹೋದವು. ಗಾಳಿ ಬಗ್ಗಿ, "ಒಳಗೇನಿದೆ?" ಅಂತ ಕೇಳಿತು.

"ಏನಿರತ್ತೆ? ಮಣ್ಣು" ಅಂದವು ಗೆದ್ದಲುಗಳು. ಗಾಳಿ ಹೊರಟುಹೋಯಿತು.

ಕೆಳಗೆ ಚಿನ್ನ, "ಇಷ್ಟೊತ್ತಿಗೆ ಯಾರಿಗಾದರೂ ಗೊತ್ತಾಗಿರಬೇಕು" ಅಂದುಕೊಂಡು ಕಿವಿಗೊಟ್ಟು ಕೂತಿತ್ತು.

ಅದಕ್ಕೇ ಮಗೂ, ಅದಿರು ಹುಡುಕುವವರು ಬಯಲಿಗೆ ಬಂದರೆ ಈಗಲೂ ಹುತ್ತದ ಮುಂದೆ ಕುಕ್ಕರಗಾಲಲ್ಲಿ ಕೂತು ಚಿನ್ನದ ಚೂರೇನಾದರೂ ಇದೆಯಾ ಅಂತ ನೋಡಲು ಒಂದು ಹಿಡಿ ಮಣ್ಣು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಇನ್ನೂ ಯಾರೂ ಬಂದು ಕೂರದ ಹುತ್ತಗಳ ಕೆಳಗೆ ಚಿನ್ನ ಇವತ್ತಿಗೂ ಒಂದೊಂದೇ ಚೂರು ಮುರಿದು ಕೊಡುತ್ತಲೇ ಇದೆ.