ಹೊರಗಿನ ಉಗ್ರಾಣದ ಹೊಸ ತಂತ್ರಾಂಶ

ಒಂದು ರಕ್ತ ಪರೀಕ್ಷಾಲಯದಲ್ಲಿ ಲಿನಕ್ಸ್ ಕಂಪ್ಯೂಟರ್ ಒಂದಿತ್ತು. ಅದರ ತಂತ್ರಾಂಶಗಳೆಲ್ಲ, ತಂತ್ರಾಂಶಗಳನ್ನು ಕೂಡಿಟ್ಟು ಹಂಚುವ ಒಂದೇ ಉಗ್ರಾಣದಿಂದ ಬಂದಿದ್ದರಿಂದ ಒಂದಕ್ಕೊಂದು ಹೊಂದಿಕೊಂಡು ಬಾಳುತ್ತಿದ್ದವು. ಆದರೂ ಚಿತ್ರ ತೋರಿಸುವ ತಂತ್ರಾಂಶ ಹಳೆಯದಾಯಿತೆಂದು ಕಂಪ್ಯೂಟರಿಗೆ ನಾಚಿಕೆ.

ಒಂದು ದಿನ ಹೊರಗಿನ ಉಗ್ರಾಣವೊಂದು ಬಂದು, "ನನ್ನಲ್ಲಿ ಹೊಚ್ಚ ಹೊಸದಿದೆ. ಅದಕ್ಕೆ ತೆರೆಯ ಮೇಲೆ ಅಕ್ಷರ ಮೂಡಿಸುವ ನಿನ್ನ ಕಡತ ಸಾಲದು, ಆ ಜಾಗದಲ್ಲಿ ನನ್ನದನ್ನು ಇಡುತ್ತೇನೆ" ಎಂದಿತು. ಕಂಪ್ಯೂಟರ್ ಹಿಗ್ಗಿ ಒಪ್ಪಿತು. ಚಿತ್ರಗಳು ಫಳಫಳ ಹೊಳೆದವು.

ಮರುದಿನ ಬೆಳಿಗ್ಗೆ ತುಂಬು ಗರ್ಭಿಣಿ ಶರೀಫಾಬಿಯ ರಕ್ತದ ವರದಿ ತುರ್ತಾಗಿ ಬೇಕಾಯಿತು. ವರದಿ ಬರೆಯುವ ತಂತ್ರಾಂಶ ಮಾತ್ರ, "ನಾನು ನಂಬಿದ್ದ ಹಳೆಯ ಅಕ್ಷರಗಳ ಕಡತವೇ ಇಲ್ಲ, ಹೇಗೆ ಬರೆಯಲಿ?" ಎಂದು ಕುಳಿತುಬಿಟ್ಟಿತು.

ಕಂಪ್ಯೂಟರ್ ಗಾಬರಿಯಿಂದ ಹೊರಗಿನ ಉಗ್ರಾಣವನ್ನು ಕರೆಯಿತು. "ನಾನು ಕೊಟ್ಟದ್ದು ಚೆನ್ನಾಗಿಯೇ ನಡೆಯುತ್ತಿದೆ. ಮಿಕ್ಕದ್ದು ನನ್ನ ಹೊಣೆಯಲ್ಲ" ಎಂದಿತು ಅದು. ಹಳೆಯ ಉಗ್ರಾಣವನ್ನು ಕೇಳಿದರೆ, "ನನ್ನ ಕಡತವನ್ನು ಮತ್ತೆ ಇಡುತ್ತೇನೆ. ಆದರೆ ಆ ಹೊಸದು ಹೋಗಬೇಕು" ಎಂದಿತು.

ಕಂಪ್ಯೂಟರ್ ಹೊಸದನ್ನು ಕಿತ್ತುಹಾಕಿ ಹಳೆಯ ಕಡತವನ್ನು ಇಡಿಸಿಕೊಂಡಿತು. ವರದಿ ಹೊರಬರುವಾಗ ಮಧ್ಯಾಹ್ನವಾಗಿತ್ತು. ಶರೀಫಾಬಿ ಅಷ್ಟು ಹೊತ್ತೂ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕಾದಿದ್ದಳು.

ಅಂದಿನಿಂದ ಹೊರಗಿನ ಯಾವ ಉಗ್ರಾಣ ಬಂದರೂ ಕಂಪ್ಯೂಟರ್, "ಏನು ಕೊಡುತ್ತೀ ಎಂಬುದು ಆಮೇಲಾಗಲಿ. ನನ್ನಲ್ಲಿರುವ ಏನನ್ನು ತೆಗೆಯುತ್ತೀ, ಅದನ್ನು ಮೊದಲು ಹೇಳು" ಎನ್ನುತ್ತಿತ್ತು.